ಕಾಟಾ ಮತ್ತು ಸುತ್ತಿಗೆ: ಹಳೆಯ ವಾಹನಗಳ ಸಂಗ್ರಹವೊಂದು ಹರಾಜಿಗೆ ಹೊರಟಾಗ

ಒಬ್ಬ ವ್ಯಕ್ತಿ ಆಯುಷ್ಯವಿಡೀ ಕೂಡಿಸಿದ ಹಳೆಯ ಕಾರು, ಬಸ್ಸಿನ ಟಿಕೆಟು, ರೈಲಿನ ದೀಪ, ಪೆಟ್ರೋಲ್ ಬಂಕಿನ ಎನಾಮಲ್ ಫಲಕ, ಪರವಾನಗಿ ಪತ್ರ ಮೊದಲಾದವು ಅವನ ತರುವಾಯ ಹರಾಜಿಗೆ ಹೋಗುವುದು ಯುರೋಪ್ ಮತ್ತು ಅಮೆರಿಕಗಳಲ್ಲಿ ದಶಕಗಳ ರೂಢಿಯಾಗಿದ್ದು, ಮುಂಬೈಯ ಹರಾಜು ಸಂಸ್ಥೆಗಳು ಈಚಿನ ವರ್ಷಗಳಲ್ಲಿ ಅಂತರ್ಜಾಲದ ಮೂಲಕ ಹಳೆಯ ಕಾರುಗಳನ್ನು ಮಾರತೊಡಗಿದ ಮೇಲೆ ಭಾರತದಲ್ಲಿಯೂ ಪರಿಚಿತವಾಗುತ್ತಿದೆ. ರಾಯಚೂರು ನಗರ, ದೇವದುರ್ಗ, ಮಾನ್ವಿಗಳ ಮಟ್ಟಿಗೆ ಮಾತ್ರ ಇಂಥ ವಸ್ತುಗಳು ಕೊನೆಗೆ ಹೋಗಿ ಸೇರುವುದು ಇಂದಿಗೂ ಗುಜರಿ ಅಂಗಡಿಯ ಕಾಟಾಕ್ಕೆ, ಅಂದರೆ ತೂಕದ ಯಂತ್ರಕ್ಕೆ. ಕೆಳಗಿನ ಸಂವಾದದಲ್ಲಿ ಮಾತನಾಡುವವರು ಇಬ್ಬರು: ಇತಿಹಾಸ ಕಲಿಸಿ ನಿವೃತ್ತರಾದ ಒಬ್ಬ ಅಧ್ಯಾಪಕರು, ಮತ್ತು ಲಾರಿ, ಟ್ರ್ಯಾಕ್ಟರುಗಳ ಬಿಡಿಭಾಗ ಮಾರುವ ಒಬ್ಬ ವ್ಯಾಪಾರಿ. ಇಬ್ಬರ ಮನಸ್ಸಿನಲ್ಲಿಯೂ ಯಾವುದೇ ಒಂದು ಮನೆಯ ಸಂಗ್ರಹವಿಲ್ಲ. ಇಂಥದೊಂದು ಸಂಗ್ರಹ ಈ ಸೀಮೆಯಿಂದ ಹರಾಜಿಗೆ ಹೊರಟರೆ ಏನು ಹೋಗಬಹುದು, ಏನು ಉಳಿಯಬೇಕು ಎಂಬುದು ಅವರ ವಾದದ ವಿಷಯ.

ಅಧ್ಯಾಪಕರು: ಸಂಗ್ರಹ ಹರಾಜಾಯಿತೆಂದರೆ ಅದು ಸತ್ತಂತೆಯೇ ಲೆಕ್ಕ, ಸಾಹುಕಾರರೇ. ಅಮೆರಿಕದ ರೀನೋ ಪಟ್ಟಣದ ಜೂಜುಮನೆಗಳ ಒಡೆಯ ಬಿಲ್ ಹಾರಾ ಸುಮಾರು 1,400 ಕಾರುಗಳನ್ನು ಕೂಡಿಸಿ, ಅವುಗಳ ದುರಸ್ತಿಗೆ ಬೇಕಾದ ಕೈಪಿಡಿಗಳ ಗ್ರಂಥಾಲಯವನ್ನೂ ಕಟ್ಟಿ, 1978ರಲ್ಲಿ ತೀರಿಕೊಂಡ. ಅವನ ಉದ್ಯಮವನ್ನು ಕೊಂಡ ಹೋಟೆಲ್ ಕಂಪನಿಯು 1984ರಿಂದ 1986ರವರೆಗೆ ಒಂದಾದ ಮೇಲೊಂದು ಹರಾಜು ನಡೆಸಿ ಬಹುಪಾಲನ್ನು ಮಾರಿತು, ಅದು ದಾನವಾಗಿ ಬಿಟ್ಟುಕೊಟ್ಟ ಸುಮಾರು 175 ಕಾರುಗಳ ಸುತ್ತ ಮುಂದೆ ಅಲ್ಲಿನ ವಸ್ತುಸಂಗ್ರಹಾಲಯ ಬೆಳೆಯಿತು. ಒಬ್ಬ ಮನುಷ್ಯ ಇವಿಷ್ಟನ್ನೇ ಏಕೆ ಆರಿಸಿದ, ಇದರ ಪಕ್ಕದಲ್ಲಿ ಅದನ್ನೇ ಏಕೆ ಇಟ್ಟ ಎಂಬ ಅರ್ಥವು ಸುತ್ತಿಗೆಯ ಪೆಟ್ಟಿಗೊಂದರಂತೆ ಚೂರಾಗುತ್ತ ಹೋಯಿತು.

ವ್ಯಾಪಾರಿ: ಅಲ್ಲಿ 175 ಉಳಿದವು, ಯಾರೂ ಹರಾಜು ಹಾಕದ ರಾಯಚೂರಿನಲ್ಲಿ ಎಷ್ಟು ಉಳಿದಿವೆ, ಮಾಸ್ತರೇ? ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿ ಸೀಮೆಯ ಭತ್ತ ಹೊತ್ತ ಲಾರಿಗಳು, ದೇವದುರ್ಗದ ದಾರಿಯಲ್ಲಿ ಮಂದಿಯನ್ನು ತುಂಬಿಕೊಂಡು ಓಡಿದ ಜೀಪುಗಳು, ಹತ್ತಿ ಜಿನ್ನಿಂಗ್ ಮಾಲೀಕರ ಅಂಬಾಸಿಡರುಗಳು ಯಾವ ಸುತ್ತಿಗೆಯ ಪೆಟ್ಟನ್ನೂ ಕಾಣದೆ ಗುಜರಿಗೆ ಹೋಗಿವೆ. ಗುಜರಿಯವನು ಗಾಡಿಯನ್ನು ಮೊದಲು ಬಿಚ್ಚುತ್ತಾನೆ: ರೇಡಿಯೇಟರಿನ ತಾಮ್ರ, ಹಿತ್ತಾಳೆ ಒಂದು ಕಡೆ, ಅಲ್ಯೂಮಿನಿಯಂ ಒಂದು ಕಡೆ, ಬೀಡು ಒಂದು ಕಡೆ, ತಗಡು ಒಂದು ಕಡೆ, ಇನ್ನೂ ಕೆಲಸಕ್ಕೆ ಬರುವ ಭಾಗವಿದ್ದರೆ ಅದು ಬಿಡಿಭಾಗದ ಅಂಗಡಿಗೆ, ಉಳಿದದ್ದೆಲ್ಲ ಕಾಟಾದ ಮೇಲೆ. ಕಾಟಾಕ್ಕೆ ಕಿಲೋ ಗೊತ್ತೇ ಹೊರತು ಗಾಡಿ ಯಾರದಿತ್ತು, ಯಾವ ರಸ್ತೆಯಲ್ಲಿ ಓಡಿತು ಎಂಬುದು ಬೇಕಿಲ್ಲ. ಹರಾಜಿನವನು ಅದನ್ನು ಕೇಳಿಯೇ ಕೇಳುತ್ತಾನೆ, ಏಕೆಂದರೆ ಉತ್ತರ ಗಟ್ಟಿಯಾದಷ್ಟೂ ಅವನ ಕಮಿಷನ್ ಹೆಚ್ಚುತ್ತದೆ.

ಅಧ್ಯಾಪಕರು: ಹಣಕ್ಕಾಗಿ ಕೇಳುವ ಪ್ರಶ್ನೆಯನ್ನು ಇತಿಹಾಸವೆಂದು ಕರೆಯಬಹುದೇ? ರಾಯಚೂರಿನ ಕೃಷಿ ಮಾರುಕಟ್ಟೆಯಾದ ರಾಜೇಂದ್ರ ಗಂಜಿನಲ್ಲಿ ದಿನವೂ ನಡೆಯುವ ಲಿಲಾವಿಗೂ ಇದಕ್ಕೂ ಏನು ವ್ಯತ್ಯಾಸ?

ವ್ಯಾಪಾರಿ: ಗಂಜಿನಲ್ಲಿ ಹತ್ತಿಯ ಎಳೆ, ತೇವ, ಬಣ್ಣ ನೋಡಿ ಬೆಲೆ ಕೂಗುತ್ತಾರೆ, ಬೆಳೆದವನ ಹೆಸರು ಬೆಲೆಗೆ ಸೇರುವುದಿಲ್ಲ. ವಾಹನದ ಹರಾಜಿನಲ್ಲಿ ಪ್ರತಿ ವಸ್ತುವಿಗೂ ಒಂದು ಲಾಟ್ ಸಂಖ್ಯೆ ಬೀಳುತ್ತದೆ, ಕ್ಯಾಟಲಾಗಿನಲ್ಲಿ ಅದರ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಕೈ ಬದಲಾಯಿಸಿದ ಒಡೆಯರ ಸರಣಿ, ಆಗಿರುವ ದುರಸ್ತಿ ಎಲ್ಲವೂ ಅಚ್ಚಾಗುತ್ತವೆ. ಮೀಸಲು ಬೆಲೆ ಎಂದು ಒಂದನ್ನು ಮೊದಲೇ ಗೊತ್ತು ಮಾಡಿಕೊಂಡರೆ ಕೂಗು ಅಲ್ಲಿಯವರೆಗೆ ಏರದಿದ್ದಾಗ ಮಾರಬೇಕಾದ ಕಟ್ಟು ಮಾಲೀಕನಿಗಿರುವುದಿಲ್ಲ. ಸಾಮಾನು ನಾಲ್ಕು ದಿಕ್ಕಿಗೆ ಚದುರಿದರೂ ಆ ಪುಸ್ತಕ ಉಳಿಯುತ್ತದೆ. ಗುಜರಿಯ ಚೀಟಿಯಲ್ಲಿ ಉಳಿಯುವುದು ಕ್ವಿಂಟಲ್ ಲೆಕ್ಕ.

ಅಧ್ಯಾಪಕರು: ಹಾಗಾದರೆ ಮಾತು ಕ್ಯಾಟಲಾಗಿನ ಮೇಲೆ ನಿಂತಿತು. ಈ ಜಿಲ್ಲೆಯ ವಸ್ತುಗಳಿಗೆ ಕ್ಯಾಟಲಾಗು ಬರೆಯುವವರು ಯಾರು ಎಂಬುದೇ ಮುಂದಿನ ತೊಡಕು. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಆ ರಾಜ್ಯದ ರೈಲ್ವೆಯು 1932ರ ಜೂನ್ ತಿಂಗಳಿನಲ್ಲಿ 27 ಬಸ್ಸು ಮತ್ತು 166 ನೌಕರರೊಂದಿಗೆ ಆರಂಭಿಸಿದ ರಸ್ತೆ ಸಾರಿಗೆ ವಿಭಾಗವನ್ನು ಭಾರತದಲ್ಲಿ ಸರ್ಕಾರವೇ ನಡೆಸಿದ ಬಸ್ ಸಾರಿಗೆಯ ಮೊದಲ ಉದಾಹರಣೆಯೆಂದು ಗಣಿಸಲಾಗುತ್ತದೆ, ಆ ಕಾಲದ ಒಂದು ಅಲ್ಬಿಯಾನ್ ಬಸ್ಸು ಹೈದರಾಬಾದಿನಲ್ಲಿ ಇಂದಿಗೂ ಉಳಿದಿದೆ. ಆಡಳಿತದ ಭಾಷೆ ಉರ್ದು, ತಾರೀಖು ಫಸಲಿಯದು. ಫಸಲಿ ಎಂದರೆ ಕಂದಾಯದ ಲೆಕ್ಕಕ್ಕೆಂದು ಹುಟ್ಟಿ ಆ ರಾಜ್ಯದಲ್ಲಿ ಎಲ್ಲ ಕಾಗದಗಳಿಗೂ ಹಬ್ಬಿದ ವರ್ಷಗಣನೆ; ಅದು ಅಕ್ಟೋಬರ್ ತಿಂಗಳಿಗೆ ಸರಿಹೊಂದುವ ಅಜೂರ್ ತಿಂಗಳಿನಲ್ಲಿ ಆರಂಭವಾಗುತ್ತಿದ್ದು, ಅದಕ್ಕೆ 590 ಕೂಡಿಸಿದರೆ ಅದು ಆರಂಭವಾದ ಇಂಗ್ಲಿಷ್ ವರ್ಷ ದೊರೆಯುತ್ತದೆ, ಹೀಗಾಗಿ 1350ನೆಯ ಫಸಲಿ ಎಂದು ಬರೆದ ಪರವಾನಗಿ 1940-41ರದ್ದು. ಹಣವೂ ಬೇರೆ: ರಾಜ್ಯದ ನಾಣ್ಯ ಹಾಲಿ ಸಿಕ್ಕಾ, ಬ್ರಿಟಿಷ್ ರೂಪಾಯಿಗೆ ಜನ ಕಲ್ದಾರ್ ಎನ್ನುತ್ತಿದ್ದರು. ಒಂದು ತುಂಡು ಕಾಗದದ ಮೇಲಿನ ದರ ಯಾವ ನಾಣ್ಯದ್ದು, ತಾರೀಖು ಯಾವ ಗಣನೆಯದು ಎಂದು ಓದಲಾರದವನು ಅದನ್ನು ‘ಹಳೆಯ ಉರ್ದು ಕಾಗದ, ಒಂದು ಕಟ್ಟು’ ಎಂದು ಬರೆದು ಮುಗಿಸಿಬಿಡುತ್ತಾನೆ.

ವ್ಯಾಪಾರಿ: ಮುಂಬೈಯ ಹರಾಜಿನವರಿಗೆ ಉರ್ದು ಓದುವವರು ಸಿಗುವುದು ಕಷ್ಟವಲ್ಲ, ದೇವದುರ್ಗದ ಊರ ಹೆಸರುಗಳನ್ನು ಗುರುತಿಸುವವರು ಸಿಗುವುದು ಕಷ್ಟ. ಕಾಗದಕ್ಕಿಂತ ಮೊದಲು ಗಾಡಿಯ ಲೆಕ್ಕ ಮುಗಿಯಬೇಕು, ಏಕೆಂದರೆ ಅದಕ್ಕೆ ಕಾಯ್ದೆಯ ಗಡುವು ಇದೆ. ಮಾಲೀಕ ತೀರಿಕೊಂಡ ಮೇಲೆ ವಾರಸುದಾರರು 30 ದಿನದೊಳಗೆ ಆರ್‌ಟಿಓ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಸರ್ಕಾರವೇ ನಡೆಸಿದ ಹರಾಜಿನಲ್ಲಿ ಕೊಂಡವರಿಗೆ 32ನೆಯ ನಮೂನೆ ಬೇರೆ ಇದೆ. ಖಾಸಗಿ ಹರಾಜಾದರೆ ಸಾಮಾನ್ಯ ಮಾರಾಟದ ದಾರಿಯೇ. ಮನೆಯವರು ತಮ್ಮ ಹೆಸರಿಗೆ ಮಾಡಿಕೊಳ್ಳದ ಗಾಡಿಯನ್ನು ಯಾವ ಒಳ್ಳೆಯ ಹರಾಜಿನವನೂ ಮುಟ್ಟುವುದಿಲ್ಲ, ಗುಜರಿಯವನು ಮಾತ್ರ ಮುಟ್ಟುತ್ತಾನೆ.

ಅಧ್ಯಾಪಕರು: ಹಳೆಯ ವಾಹನಗಳಿಗೆ ಈಗ ಪ್ರತ್ಯೇಕ ನಿಯಮವೇ ಬಂದಿದೆಯಲ್ಲವೇ?

ವ್ಯಾಪಾರಿ: 2021ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರ ಅದನ್ನು ಹೊರಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗದೆ ಮೂಲ ರೂಪದಲ್ಲಿಯೇ ಇರುವ ಎರಡು ಮತ್ತು ನಾಲ್ಕು ಚಕ್ರದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಕಳೆದ ಮೇಲಿನ ಮರುನೋಂದಣಿಗೆ 5,000. ಇಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ, ದುರಸ್ತಿ ಇವುಗಳಿಗಲ್ಲದೆ ದಿನದ ಓಡಾಟಕ್ಕೆ ರಸ್ತೆಗಿಳಿಸುವಂತಿಲ್ಲ. ಇದರಲ್ಲಿ ರಾಯಚೂರಿನವರು ಗಮನಿಸಬೇಕಾದ ಮಾತೊಂದಿದೆ: ಹಳೆಯ ಆರ್‌ಸಿ ಪುಸ್ತಕ ಕೈಯಲ್ಲಿರುವ ಗಾಡಿ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳುತ್ತದೆ, ಹೊಸದಾಗಿ ನೋಂದಾಯಿಸಿದ್ದಕ್ಕೆ ಮಾತ್ರ ರಾಜ್ಯದ ಅಕ್ಷರಗಳ ಮುಂದೆ ವಿಎ ಸೇರಿದ ಫಲಕ ಬರುತ್ತದೆ. ಆ ಫಲಕದಲ್ಲಿ ಜಿಲ್ಲೆಯ ಅಂಕಿಗೆ ಜಾಗವಿಲ್ಲ, ಈ ಜಿಲ್ಲೆಯ 36 ಅಲ್ಲಿ ಕಾಣಿಸುವುದೇ ಇಲ್ಲ. ಆರ್‌ಸಿ ಕಳೆದ ಗಾಡಿ ಎಲ್ಲಿಯದೆಂದು ಅದರ ಮುಖ ನೋಡಿ ಹೇಳುವ ದಾರಿ ಮುಚ್ಚಿದಂತಾಯಿತು.

ಅಧ್ಯಾಪಕರು: ಮೂಲ ರೂಪ ಎಂಬ ಷರತ್ತು ಈ ಸೀಮೆಗೆ ಹೇಗೆ ಹೊಂದೀತು? ಇಲ್ಲಿ ಓಡಿದ ಪೆಟ್ರೋಲ್ ಜೀಪುಗಳಲ್ಲಿ ಎಷ್ಟೋ ಗಾಡಿಗಳಿಗೆ ಮುಂದೆ ಡೀಸೆಲ್ ಎಂಜಿನ್ ಕೂರಿಸಿದ್ದಾರೆ, ಹಿಂಬದಿಯ ಬಾಡಿಯನ್ನು ಉದ್ದ ಮಾಡಿದ್ದಾರೆ, ಸ್ಪ್ರಿಂಗಿನ ಪಾಟಾಗಳನ್ನು ಹೆಚ್ಚಿಸಿದ್ದಾರೆ.

ವ್ಯಾಪಾರಿ: ನಿಯಮದ ಕಣ್ಣಿನಲ್ಲಿ ಅದು ವಿಂಟೇಜ್ ಅಲ್ಲ. ಹರಾಜಿನಲ್ಲಿಯೂ ಬೆಲೆ ಬಿದ್ದುಹೋಗುತ್ತದೆ, ಹೀಗಾಗಿ ಮಾಲೀಕನ ಮಕ್ಕಳು ಆ ಡೀಸೆಲ್ ಎಂಜಿನ್ ಕಿತ್ತು, ಎಲ್ಲಿಂದಲೋ ಪೆಟ್ರೋಲ್ ಎಂಜಿನ್ ತಂದು, ಟಿಂಕರಿಂಗ್ ಮಾಡಿಸಿ, ಮಿಲಿಟರಿ ಹಸಿರು ಬಳಿದು ಮಾರಲು ನೋಡುತ್ತಾರೆ.

ಅಧ್ಯಾಪಕರು: ಆ ಹಸಿರಿನ ಅಡಿಯಲ್ಲಿ ಇತಿಹಾಸ ಮುಚ್ಚಿಹೋಗುತ್ತದೆ. ಜೀಪು ಹುಟ್ಟಿದ್ದು ಅಮೆರಿಕದಲ್ಲಿ, ಜೋಡಣೆಯಾದದ್ದು ಮುಂಬೈಯಲ್ಲಿ. ಅದರಲ್ಲಿ ರಾಯಚೂರಿನದೆಂಬುದು ಯಾವುದಾದರೂ ಇದ್ದರೆ ಅದು ಇಲ್ಲಿನ ಮೇಸ್ತ್ರಿ ಕೂರಿಸಿದ ಡೀಸೆಲ್ ಎಂಜಿನ್, ಇಲ್ಲಿನ ವೆಲ್ಡಿಂಗ್ ಅಂಗಡಿಯಲ್ಲಿ ಸೇರಿಸಿದ ಬೆಂಚು. ಇದ್ದದ್ದನ್ನು ಇದ್ದಂತೆಯೇ ಬಿಡಬೇಕೆಂಬ ಮಾತಿಗೆ ಫ್ರಾನ್ಸಿನ ಒಂದು ಪ್ರಕರಣವೇ ಆಧಾರ. ರೋಜರ್ ಬೈಯೋ ಎಂಬ ಲಾರಿ ಸಾರಿಗೆ ಉದ್ಯಮಿ ವಾಹನಗಳ ವಸ್ತುಸಂಗ್ರಹಾಲಯ ಕಟ್ಟುವ ಆಸೆಯಿಂದ ಕಾರುಗಳನ್ನು ಕೂಡಿಸಿದ. ವ್ಯವಹಾರ ಕುಸಿದಾಗ ಕೆಲವನ್ನು ಮಾರಬೇಕಾಯಿತು, ಉಳಿದವು ತಗಡಿನ ಚಪ್ಪರಗಳ ಅಡಿಯಲ್ಲಿ ದಶಕಗಳ ಕಾಲ ತುಕ್ಕು ಹಿಡಿದು ನಿಂತವು. 2014ರಲ್ಲಿ ಅವು ಬೆಳಕಿಗೆ ಬಂದಾಗ ಪ್ಯಾರಿಸ್ಸಿನ ಆರ್ಟ್‌ಕ್ಯೂರಿಯಲ್ ಸಂಸ್ಥೆ ಅವನ್ನು ತೊಳೆಯಿಸದೆ, ಬಣ್ಣ ಹಚ್ಚಿಸದೆ, ಧೂಳು ಸಮೇತವಾಗಿ 2015ರ ಫೆಬ್ರವರಿಯಲ್ಲಿ ಹರಾಜಿಗಿಟ್ಟಿತು; ಒಂದು ಕಾಲಕ್ಕೆ ನಟ ಅಲೆನ್ ಡೆಲಾನ್ ಕೈಯಲ್ಲಿದ್ದ ಫೆರಾರಿಯೊಂದಕ್ಕೇ ಒಂದೂವರೆ ಕೋಟಿ ಯೂರೋಗಳಿಗೆ ಮೀರಿದ ಬೆಲೆ ಬಂತು.

ವ್ಯಾಪಾರಿ: ಫೆರಾರಿಯ ಧೂಳಿಗೆ ಬೆಲೆ ಬರುತ್ತದೆ, ಮಾಸ್ತರೇ, ಮಾನ್ವಿಯ ಜೀಪಿನ ಧೂಳಿಗೆ ಬಾರದು.

ವ್ಯಾಪಾರಿಯ ಈ ಆಕ್ಷೇಪ ಹಗುರವಾದುದಲ್ಲ. ವಾಹನ ಸಂಗ್ರಹಗಳ ಬಗೆಗಿನ ಬರವಣಿಗೆಯು ಬಹುಮಟ್ಟಿಗೆ ಅರಸರ ರೋಲ್ಸ್‌ರಾಯ್ಸ್‌ಗಳ ಸುತ್ತಲೇ ಗಿರಕಿ ಹೊಡೆದಿದ್ದು, ಹೈದರಾಬಾದಿನ ನಿಜಾಮರ ಚೌಮಹಲ್ಲಾ ಅರಮನೆಯಲ್ಲಿರುವ 1912ರ ಹಳದಿ ಸಿಲ್ವರ್ ಘೋಸ್ಟ್ ಕಾರಿಗೆ ಸಿಕ್ಕ ಪುಟಗಳಲ್ಲಿ ನೂರರ ಒಂದು ಪಾಲೂ ಅದೇ ಅರಸನ ರಾಜ್ಯದಲ್ಲಿ ಜನ ಹತ್ತಿ ಇಳಿದ ವಾಹನಗಳಿಗೆ ಸಿಕ್ಕಿಲ್ಲ. ಆ ಕಾರು ರಸ್ತೆಯಲ್ಲಿ ಓಡಿದ್ದೇ ಅತ್ಯಲ್ಪ ಎಂಬುದನ್ನು ನೆನೆದರೆ, ಸಾರಿಗೆಯ ಚರಿತ್ರೆ ಎಂಬ ಮಾತಿಗೆ ಅದು ಎಷ್ಟು ಒಗ್ಗುತ್ತದೆ ಎಂಬುದೂ ಅನುಮಾನ.

ಅಧ್ಯಾಪಕರು: ಬೆಲೆ ಬಾರದ ವಸ್ತು ಉಳಿಯುವ ಬಗೆಗೆ ರಾಯಚೂರಿನ ಕೋಟೆಯಲ್ಲಿಯೇ ಒಂದು ಉದಾಹರಣೆ ಇದೆ. ಕಾಕತೀಯರ ಕಾಲದ, 1294ರ ತೆಲುಗು ಶಾಸನವಿರುವ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಪಶ್ಚಿಮದ ಗೋಡೆಯಲ್ಲಿದೆ. ಅದರ ಹತ್ತಿರದಲ್ಲಿಯೇ ಆ ಕಲ್ಲನ್ನು ತಂದ ರೀತಿಯ ಚಿತ್ರವನ್ನೂ ಕೊರೆದಿದ್ದಾರೆ: ಅರೆಕಾಲಿಲ್ಲದ ಗಟ್ಟಿ ಗಾಲಿಯ ಬಂಡಿ, ಅದಕ್ಕೆ ಕಟ್ಟಿದ ಕೋಣಗಳ ಉದ್ದನೆಯ ಸಾಲು, ಗಾಲಿಗೆ ಹಾರೆ ಕೊಟ್ಟು ಮೀಟುವ ಆಳುಗಳು. ಸಾಗಿಸಿದ ವಸ್ತು, ಅದರ ದಾಖಲೆ, ಸಾಗಣೆಯ ಚಿತ್ರ ಮೂರೂ ಒಂದೆಡೆ ಕೂಡಿರುವುದರಿಂದಲೇ ಏಳು ಶತಮಾನ ಕಳೆದರೂ ಅದು ಸುಮ್ಮನೆ ಕಲ್ಲಾಗಿ ಉಳಿದಿಲ್ಲ. ಇಂದಿನ ಸಂಗ್ರಹಕಾರನು ಕೂಡಿಸಬೇಕಾದದ್ದೂ ಈ ಮೂರನ್ನೇ. ಹರಾಜು ಮೊದಲು ಬೇರ್ಪಡಿಸುವುದೂ ಈ ಮೂರನ್ನೇ, ಕಾರು ಒಬ್ಬನಿಗೆ, ಪರವಾನಗಿ ಇನ್ನೊಬ್ಬನಿಗೆ, ಚಿತ್ರ ಮತ್ತೊಬ್ಬನಿಗೆ.

ವ್ಯಾಪಾರಿ: ಹಾಗೆ ಬೇರೆಯಾಗದಂತೆ ಹಿಡಿದಿಡಬೇಕಾದರೆ ಸರ್ಕಾರವೋ ಶ್ರೀಮಂತನೋ ನಡುವೆ ಬರಬೇಕು. ಮೈಸೂರಿಗೆ 1979ರಿಂದ ರೈಲು ವಸ್ತುಸಂಗ್ರಹಾಲಯವಿದೆ, ಹುಬ್ಬಳ್ಳಿಗೂ 2020ರಲ್ಲಿ ಬಂತು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಅಲ್ಲಿನ ‘ಮಂಜೂಷಾ’ ಹಾಗೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಕಾರುಗಳನ್ನು ಜನ ನೋಡುವಂತೆ ಇರಿಸಿದ್ದಾರೆ.

ಅಧ್ಯಾಪಕರು: ಸರ್ಕಾರ, ಶ್ರೀಮಂತ ಇಬ್ಬರೂ ಅಲ್ಲದೆ ಮೂರನೆಯವರೂ ನಡುವೆ ಬಂದ ದೃಷ್ಟಾಂತವಿದೆ. ಫ್ರಾನ್ಸಿನ ಮುಲೂಸ್ ಪಟ್ಟಣದಲ್ಲಿ ಬಟ್ಟೆಯ ಗಿರಣಿಗಳ ಒಡೆಯರಾದ ಶ್ಲುಂಪ್ಫ್ ಸೋದರರು ನೂರಕ್ಕೂ ಹೆಚ್ಚು ಬುಗಾಟಿಗಳೂ ಸೇರಿದಂತೆ ನೂರಾರು ಕಾರುಗಳನ್ನು ಗುಟ್ಟಾಗಿ ಕೂಡಿಸಿದ್ದರು. ಗಿರಣಿಗಳು ಮುಳುಗಿ, 1977ರಲ್ಲಿ ಕೆಲಸಗಾರರೇ ಆ ಕಟ್ಟಡವನ್ನು ವಶಪಡಿಸಿಕೊಂಡು, ತಮ್ಮ ಕೂಲಿ ಎಲ್ಲಿಗೆ ಹರಿದಿತ್ತೆಂಬುದನ್ನು ಲೋಕಕ್ಕೆ ತೋರಿಸಿದರು. ಮರುವರ್ಷ ಸರ್ಕಾರ ಇಡೀ ಸಂಗ್ರಹವನ್ನು ಚಾರಿತ್ರಿಕ ಸ್ಮಾರಕವೆಂದು ಘೋಷಿಸಿದ್ದರಿಂದ ಅದನ್ನು ಒಡೆದು ಮಾರುವ ಹಾದಿ ಮುಚ್ಚಿತು. ಸಾಲ ತೀರಿಸಲು ಬಿಡಿಯಾಗಿ ಮಾರಿದ್ದರೆ ಬರುತ್ತಿದ್ದ ಹಣ ದೊಡ್ಡದು. ಕೆಲಸಗಾರರ ಹಟವಿಲ್ಲದಿದ್ದರೆ ಆ ಊರಿಗೆ ಇಂದಿನ ವಾಹನ ಸಂಗ್ರಹಾಲಯವೂ ಇರುತ್ತಿರಲಿಲ್ಲ.

ವ್ಯಾಪಾರಿ: ಈ ದೇಶದ ಕಾಯ್ದೆ ಅಷ್ಟು ದೂರ ಹೋಗುತ್ತದೆಯೇ?

ಅಧ್ಯಾಪಕರು: ಹೋಗುವುದಿಲ್ಲ. 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮವು ನೂರು ವರ್ಷ ದಾಟಿದ ವಸ್ತುವನ್ನೂ, ಚಾರಿತ್ರಿಕವಾಗಿ ಬೆಲೆಯುಳ್ಳದ್ದಾದರೆ 75 ವರ್ಷ ದಾಟಿದ ಹಸ್ತಪ್ರತಿ ಮತ್ತು ದಾಖಲೆಯನ್ನೂ ಪುರಾವಸ್ತುವೆಂದು ಎಣಿಸಿ, ಖಾಸಗಿಯವರು ಅವನ್ನು ದೇಶದ ಹೊರಗೆ ಒಯ್ಯದಂತೆ ತಡೆಯುತ್ತದೆ, ಅಂಥವುಗಳ ವ್ಯಾಪಾರಕ್ಕೆ ಪರವಾನಗಿಯನ್ನೂ ಕೇಳುತ್ತದೆ. ದೇಶದ ಒಳಗೆ ಕೈ ಬದಲಾಗುವುದಕ್ಕೆ ಅದರಿಂದ ಅಡ್ಡಿಯಿಲ್ಲ. ಲೆಕ್ಕ ಹಾಕಿ ನೋಡಿದರೆ ಸ್ವಾರಸ್ಯವಿದೆ: ನಿಜಾಮರ ಆಳ್ವಿಕೆ ಮುಗಿದ 1948ಕ್ಕೆ ಮೊದಲಿನ ಪರವಾನಗಿ, ವೇಳಾಪಟ್ಟಿಗಳೆಲ್ಲ ಈಗ 75 ವರ್ಷ ದಾಟಿರುವುದರಿಂದ ಅವು ಈ ವ್ಯಾಪ್ತಿಗೆ ಬರಬಹುದು, 1950ರ ದಶಕದ ಲಾರಿ ಮಾತ್ರ ಬರುವುದಿಲ್ಲ. ಹೊರಗೆ ಹೋದದ್ದನ್ನು ಕೊಂಡು ತಂದರೂ ಅದು ಊರಿಗೆ ದಕ್ಕಿತೆನ್ನುವಂತಿಲ್ಲ. 2009ರಲ್ಲಿ ನ್ಯೂಯಾರ್ಕಿನಲ್ಲಿ ಗಾಂಧೀಜಿಯ ಕನ್ನಡಕ, ಚಪ್ಪಲಿ, ಗಡಿಯಾರಗಳನ್ನು 18 ಲಕ್ಷ ಡಾಲರಿಗೆ ಕೊಂಡ ಉದ್ಯಮಿ ವಿಜಯ ಮಲ್ಯ ಅದಕ್ಕೂ ಮೊದಲು ಲಂಡನ್ನಿನಲ್ಲಿ ಟಿಪ್ಪುವಿನದೆಂಬ ಖಡ್ಗವನ್ನು ಕೊಂಡಿದ್ದರು. 2018ರಲ್ಲಿ ಅದೇ ಲಂಡನ್ನಿನ ನ್ಯಾಯಾಲಯದಲ್ಲಿ, ಆ ಖಡ್ಗ ಈಗ ತಮ್ಮ ಬಳಿ ಇಲ್ಲ, ಕೊಟ್ಟುಬಿಟ್ಟಾಗಿದೆ ಎಂದು ಅವರ ಪರವಾಗಿ ತಿಳಿಸಲಾಯಿತು.

ವ್ಯಾಪಾರಿ: ಖಡ್ಗದ ಗತಿಯೇ ಹೀಗಾದರೆ ರೈಲಿನ ಟಿಕೆಟಿನದೇನು? ಟಿಕೆಟಿಗೆ ಹರಾಜಿನಲ್ಲಿ ಯಾರು ಕೂಗುತ್ತಾರೆ?

ಅಧ್ಯಾಪಕರು: ಬಿಡಿ ಟಿಕೆಟಿಗೆ ಯಾರೂ ಕೂಗರು, ಸರಣಿಗೆ ಕೂಗುತ್ತಾರೆ. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿಯೇ ಆದ್ದರಿಂದ, ಈ ನಿಲ್ದಾಣದ ಹೆಸರು ಎರಡು ಕಂಪನಿಗಳ ಟಿಕೆಟಿನ ಮೇಲೂ ಇರುತ್ತದೆ. ಬಸ್ಸಿನ ಸರಣಿ ಇನ್ನೂ ಉದ್ದ: ಹೈದರಾಬಾದಿನ ಸಾರಿಗೆ, 1956ರ ಬಳಿಕ ಮೈಸೂರು ಸರ್ಕಾರದ ಸಾರಿಗೆ ಇಲಾಖೆ, 1961ರಿಂದ ಮೈಸೂರು ರಾಜ್ಯದ ನಿಗಮ, 1973ರಲ್ಲಿ ಕರ್ನಾಟಕದ ಹೆಸರು, 2000ದಲ್ಲಿ ಈಶಾನ್ಯ ಕರ್ನಾಟಕ, 2021ರಿಂದ ಕಲ್ಯಾಣ ಕರ್ನಾಟಕ. ದೇವದುರ್ಗದ ಪ್ರಯಾಣಿಕನೊಬ್ಬನ ಕುಟುಂಬ ಊರು ಬಿಡದೆಯೇ ಇಷ್ಟು ಆಡಳಿತಗಳ ಕೆಳಗೆ ಓಡಾಡಿದೆ ಎಂಬುದನ್ನು ಯಾವ ಕಾರೂ ಹೇಳಲಾರದು, ಆ ಆರು ಚೀಟಿಗಳು ಹೇಳುತ್ತವೆ.

ವ್ಯಾಪಾರಿ: ಸರಣಿಯ ಕೊನೆಯ ಚೀಟಿಯನ್ನು ಈಗಲೇ ಕಾಪಾಡಿಕೊಳ್ಳಬೇಕು. 2023ರ ಜೂನ್ ತಿಂಗಳಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಕೊಡುವ ಶೂನ್ಯ ದರದ ಟಿಕೆಟು ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದದ್ದು. ಬಿಸಿಲಿಗೆ ಇಟ್ಟರೆ ರಾಯಚೂರಿನ ಒಂದು ಬೇಸಿಗೆಯನ್ನೂ ಅದು ತಾಳುವುದು ಅನುಮಾನ. ನೂರು ವರ್ಷದ ಹಿಂದಿನ ರಟ್ಟಿನ ಟಿಕೆಟು ಇನ್ನೂ ಓದಲು ಬರುತ್ತದೆ, ಮೊನ್ನೆಯದು ಬರುವುದಿಲ್ಲ.

ಅಧ್ಯಾಪಕರು: ಸಂಗ್ರಹಕ್ಕೆ ಸೇರಲೇ ಇಲ್ಲದ ವಾಹನವೂ ಒಂದಿದೆ. ದೇವದುರ್ಗ ತಾಲ್ಲೂಕಿನ ಉತ್ತರಕ್ಕೆ ಕೃಷ್ಣೆ, ಮಾನ್ವಿಯ ದಕ್ಷಿಣಕ್ಕೆ ತುಂಗಭದ್ರೆ. ಸೇತುವೆಗಳು ಬರುವ ಮೊದಲು ಎರಡೂ ದಡಗಳ ಜನ, ಧಾನ್ಯ, ಮೇಕೆ ಎಲ್ಲವೂ ದಾಟಿದ್ದು ಬಿದಿರಿನ ಹೆಣಿಗೆಗೆ ಚರ್ಮ ಹೊದಿಸಿದ ಹರಿಗೋಲಿನಲ್ಲಿ. ಕಬ್ಬಿಣವನ್ನು ಪ್ರೀತಿಸುವ ಸಂಗ್ರಹಕಾರ ಅದನ್ನು ವಾಹನವೆಂದೇ ಎಣಿಸಿಲ್ಲ.

ವ್ಯಾಪಾರಿ: ಹರಿಗೋಲಿಗೆ ಚಾಸಿ ಸಂಖ್ಯೆಯೂ ಇಲ್ಲ, ಕಾಟಾದಲ್ಲಿ ತೂಕವೂ ಇಲ್ಲ. ಅದನ್ನು ಕಟ್ಟಬಲ್ಲವರು ಇನ್ನೂ ಇದ್ದಾಗಲೇ ಒಂದನ್ನು ಹೊಸದಾಗಿ ಕಟ್ಟಿಸಿ, ಕಟ್ಟುವ ಕ್ರಮವನ್ನು ಚಿತ್ರೀಕರಿಸಿ ಇಡುವುದು ಹರಾಜಿಗಿಂತ ಅಗ್ಗ. ಈಗ ಮುಖ್ಯ ಮಾತಿಗೆ ಬರೋಣ, ಮಾಸ್ತರೇ: ಕಾರು, ಜೀಪುಗಳನ್ನು ಒಂದೊಂದು ಲಾಟಾಗಿ ಬಿಡಬಹುದು, ಅದಕ್ಕೆ ಮೊದಲು ಪ್ರತಿ ಗಾಡಿಯ ಕಾಗದಗಳ ನಕಲು ಊರಿನಲ್ಲಿ ಉಳಿಯಲಿ. ಟಿಕೆಟು, ಪರವಾನಗಿ, ಚಿತ್ರಗಳನ್ನು ಏನು ಮಾಡುವುದು?

ಅಧ್ಯಾಪಕರು: ಒಂದೇ ಲಾಟ್, ಒಡೆಯಬಾರದು. ಕೂಗುವ ಮೊದಲು ನವರಂಗ ದರ್ವಾಜಾದಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೋ ಒಂದು ವಿಶ್ವವಿದ್ಯಾಲಯಕ್ಕೋ ಮೀಸಲು ಬೆಲೆಯಲ್ಲಿ ಕೊಳ್ಳುವ ಅವಕಾಶ ಕೊಡಬೇಕು.

ವ್ಯಾಪಾರಿ: ಒಂದೇ ಲಾಟ್ ಎಂದರೆ ಬೆಲೆ ಇಳಿಯುತ್ತದೆ. ರೈಲಿನ ಟಿಕೆಟು ಬೇಕಾದವನಿಗೆ ಬಸ್ಸಿನದು ಬೇಡ, ಉರ್ದು ಪರವಾನಗಿ ಬೇಕಾದವನಿಗೆ ಎರಡೂ ಬೇಡ. ಒಡೆದು ಮಾರಿದರೆ ಎಷ್ಟು, ಇಡಿಯಾಗಿ ಮಾರಿದರೆ ಎಷ್ಟು ಎಂಬ ಎರಡು ಅಂದಾಜನ್ನೂ ಹರಾಜಿನವನಿಂದ ಮೊದಲೇ ಬರೆಸಿಕೊಂಡು, ಅವುಗಳ ನಡುವಿನ ನಷ್ಟವನ್ನು ಒಪ್ಪಿದ್ದೇವೆಂದು ವಾರಸುದಾರರೆಲ್ಲರ ಸಹಿ ಹಾಕಿಸಬೇಕು. ಒಬ್ಬ ಸಹಿ ಮಾಡದಿದ್ದರೂ ಆ ಕಟ್ಟು ಹರಾಜಿನ ದಿನ ಮೂರು ಲಾಟ್ ಆಗಿಯೇ ಆಗುತ್ತದೆ.